ಬಾಂಡ್, ಫ್ಯೂಚರ್ಸ್, ಆಪ್ಷನ್: ನಷ್ಟದ ಭಾರ ಯಾರ ಹೆಗಲಿಗೆ?



ಈ ತಿಂಗಳ ಪಾಠದ ಹೆಸರು ಓದಿ, "ಇದೆಲ್ಲ ಬಾಂಬೆ ಸೇಠುಗಳ ವ್ಯವಹಾರ, ನಮಗ್ಯಾಕೆ ಸಿಸ್ಟರ್?" ಎಂದು ನೀವು ನಗಬಹುದು. ನಾವೂ ಹಾಗೆಯೇ ಅಂದುಕೊಂಡಿದ್ದೆವು, ನಮ್ಮದೇ ಒಂದು ಸಂಘದಲ್ಲಿ ಆ ಘಟನೆ ನಡೆಯುವ ತನಕ.

ಆ ಸಂಘಕ್ಕೆ ಹನ್ನೊಂದು ವರ್ಷ. ಒಂದು ಕಂತೂ ತಪ್ಪಿಸಿದವರಲ್ಲ. ಬ್ಯಾಂಕ್ ಲಿಂಕೇಜ್ ಸಾಲ ಬಂದಾಗ ಒಬ್ಬ ಸದಸ್ಯೆ ಹಸು ತರಲು ಎಂದು 80 ಸಾವಿರ ರೂಪಾಯಿ ಪಡೆದರು. ಮೂರನೆಯ ತಿಂಗಳು ಕಂತು ನಿಂತಿತು. ಪ್ರತಿನಿಧಿಯರು ಮನೆಗೆ ಹೋಗಿ ನೋಡಿದರೆ ಕೊಟ್ಟಿಗೆಯಲ್ಲಿ ಹಸುವೇ ಇಲ್ಲ. ಡಿಪ್ಲೊಮಾ ಮುಗಿಸಿ ಕೆಲಸ ಸಿಗದೆ ಮನೆಯಲ್ಲಿದ್ದ ಮಗ ಆ ಹಣವನ್ನು ಮೊಬೈಲಿನಲ್ಲಿ 'ಆಪ್ಷನ್' ವ್ಯವಹಾರಕ್ಕೆ ಹಾಕಿದ್ದ. ಮೂರು ವಾರದಲ್ಲಿ ಉಳಿದದ್ದು ನಾಲ್ಕು ಸಾವಿರ ಚಿಲ್ಲರೆ.

ಇದರಲ್ಲಿ ನಮ್ಮ ತಪ್ಪೂ ಇದೆ, ಹೇಳಿಬಿಡುತ್ತೇವೆ. ಹಸು ಬಂತೇ ಇಲ್ಲವೇ ಎಂದು ಕೊಟ್ಟಿಗೆಗೆ ಹೋಗಿ ನೋಡದೆ, ಹಳೆಯ ಸಂಘ ಎಂಬ ನಂಬಿಕೆಯಿಂದ ಪರಿಶೀಲನಾ ಪತ್ರಕ್ಕೆ ನಾವು ಸಹಿ ಹಾಕಿದ್ದೆವು.

ಸಭೆಯಲ್ಲಿ ಆ ತಾಯಿ ಅಳುತ್ತಾ ಹೇಳಿದ ಮಾತು ಇದು: "ಮಗ ಜೂಜು ಆಡ್ಲಿಲ್ಲ ಸಿಸ್ಟರ್. ರಿಸ್ಕ್ ಕಡಿಮೆ ಮಾಡೋದಕ್ಕೇ ಇರೋ ವ್ಯವಹಾರ ಇದು, ಸರ್ಕಾರನೇ ಒಪ್ಪಿದೆ ಅಂತ ಹೇಳಿದ್ದ." ಅದಕ್ಕೆ ಅಂದು ನಮ್ಮ ಹತ್ತಿರ ಉತ್ತರವಿರಲಿಲ್ಲ. ಹುಡುಗ ಹೇಳಿದ್ದು ಸುಳ್ಳೇ, ನಿಜವೇ? ಆಮೇಲೆ ಓದಿದೆವು, ಲೆಕ್ಕಪರಿಶೋಧಕರನ್ನೂ ಪರಿಚಯದ ಬ್ಯಾಂಕ್ ಅಧಿಕಾರಿಯನ್ನೂ ಕೇಳಿದೆವು. ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಬಾಂಡ್ ಅಂದ್ರೆ ಛಾಪಾ ಕಾಗದ ಅಲ್ಲ

ಬಾಂಡ್ ಎಂದ ಕೂಡಲೇ ನಮ್ಮ ಹೆಂಗಸರಿಗೆ ನೆನಪಾಗುವುದು ಎರಡು. ಕರಾರು ಬರೆಸುವ ಬಾಂಡ್ ಪೇಪರ್ ಒಂದು. ಹೆಣ್ಣುಮಗು ಹುಟ್ಟಿದಾಗ ಸಿಕ್ಕ ಭಾಗ್ಯಲಕ್ಷ್ಮಿ ಬಾಂಡ್ ಇನ್ನೊಂದು. ಇಲ್ಲಿ ಹೇಳುವ ಬಾಂಡ್ ಬೇರೆ. ಅದು ಸಾಲಪತ್ರ. ಸಂಘದಲ್ಲಿ ನಾವು ಸಾಲ ತೆಗೆಯುತ್ತೇವೆ. ಬಾಂಡ್ ಕೊಂಡಾಗ ನಾವೇ ಸಾಲ ಕೊಡುವವರು. ಸಾಲ ಕೇಳುವವರು ಕೇಂದ್ರ ಸರ್ಕಾರ ಇರಬಹುದು, ರಾಜ್ಯ ಸರ್ಕಾರ ಇರಬಹುದು, ಕಂಪನಿ ಇರಬಹುದು. ನಗರಪಾಲಿಕೆಯೂ ಕೇಳುತ್ತದೆ. 1997ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ 125 ಕೋಟಿ ರೂಪಾಯಿಯ ಬಾಂಡ್ ಹೊರಡಿಸಿತು. ಭಾರತದಲ್ಲಿ ನಗರಾಡಳಿತವೊಂದು ಹೀಗೆ ಬಾಂಡ್ ಹೊರಡಿಸಿದ್ದು ಅದೇ ಮೊದಲು.

ಬಾಂಡಿನಲ್ಲಿ ಮೂರು ವಿಷಯ ಬರೆದಿರುತ್ತದೆ: ಅಸಲು ಎಷ್ಟು, ಬಡ್ಡಿ ಎಷ್ಟು, ಅಸಲು ಹಿಂತಿರುಗುವ ದಿನ ಯಾವುದು. 10 ಸಾವಿರ ರೂಪಾಯಿಯ, ನೂರಕ್ಕೆ 7ರ ಬಡ್ಡಿಯ, 10 ವರ್ಷದ ಸರ್ಕಾರಿ ಬಾಂಡ್ ಇದೆ ಎಂದುಕೊಳ್ಳಿ. ವರ್ಷಕ್ಕೆ 700 ರೂಪಾಯಿ ಬಡ್ಡಿ, 10 ವರ್ಷ ತುಂಬಿದ ಮೇಲೆ 10 ಸಾವಿರ ವಾಪಸ್. ಎಫ್.ಡಿ.ಗೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳುತ್ತೀರಿ. ಎಫ್.ಡಿ.ಯನ್ನು ಬ್ಯಾಂಕಿನಲ್ಲೇ ಮುರಿಸಬಹುದು, ಸ್ವಲ್ಪ ಬಡ್ಡಿ ಕಡಿತವಾಗುತ್ತದೆ ಅಷ್ಟೇ. ಬಾಂಡನ್ನು ಮಧ್ಯದಲ್ಲಿ ಸರ್ಕಾರ ವಾಪಸ್ ಪಡೆಯುವುದಿಲ್ಲ. ಹಣ ಬೇಕಾದರೆ ಸಂತೆಯಲ್ಲಿ ಕೋಳಿ ಮಾರಿದಂತೆ ಇನ್ನೊಬ್ಬರಿಗೆ ಮಾರಬೇಕು. ಸಂತೆ ಎಂದ ಮೇಲೆ ದರ ಏರಿಳಿಯುತ್ತದೆ.

ಈ ಏರಿಳಿತವನ್ನು ನಿಧಾನವಾಗಿ ನೋಡೋಣ, ಹೆಚ್ಚಿನವರು ಎಡವುವುದು ಇಲ್ಲಿಯೇ. ನೀವು ನೂರಕ್ಕೆ 7ರ ಬಾಂಡ್ ಕೊಂಡ ಸ್ವಲ್ಪ ದಿನಕ್ಕೆ ಹೊಸ ಬಾಂಡುಗಳು ನೂರಕ್ಕೆ 8ರ ಬಡ್ಡಿಗೆ ಬಂದವು. ಈಗ ನಿಮ್ಮ ಹಳೆಯ ಬಾಂಡನ್ನು ಪೂರ್ತಿ 10 ಸಾವಿರಕ್ಕೆ ಯಾರು ಕೊಳ್ಳುತ್ತಾರೆ? "ಸ್ವಲ್ಪ ಕಡಿಮೆ ಮಾಡಿ" ಎನ್ನುತ್ತಾರೆ. ಎಷ್ಟು ಕಡಿಮೆ ಎಂಬುದು ಇನ್ನೆಷ್ಟು ವರ್ಷ ಬಾಕಿ ಇದೆ ಎಂಬುದರ ಮೇಲೆ ನಿಂತಿದೆ. ಒಂದೇ ವರ್ಷ ಬಾಕಿ ಇದ್ದರೆ ಸುಮಾರು 9,900 ರೂಪಾಯಿ ಸಿಗುತ್ತದೆ. 5 ವರ್ಷ ಇದ್ದರೆ ಸುಮಾರು 9,600. 10 ವರ್ಷ ಇದ್ದರೆ ಸುಮಾರು 9,330. 30 ವರ್ಷದ ಬಾಂಡ್ ಆದರೆ ಸುಮಾರು 8,870. ಬಡ್ಡಿ ದರ ಇಳಿದರೆ ಇದು ತಿರುಗುಮುರುಗು, ನಿಮ್ಮ ಹಳೆಯ ಬಾಂಡಿಗೆ 10 ಸಾವಿರಕ್ಕಿಂತ ಹೆಚ್ಚು ಸಿಗುತ್ತದೆ.

ಆದರೆ ನೀವು ಮಾರದೆ ಕೊನೆಯ ದಿನದವರೆಗೆ ಇಟ್ಟುಕೊಂಡರೆ? ವರ್ಷ ವರ್ಷ 700 ಬಂದೇ ಬರುತ್ತದೆ, ಕೊನೆಗೆ 10 ಸಾವಿರವೂ ಬರುತ್ತದೆ. ಸಂತೆಯ ದರ ನಿಮ್ಮನ್ನು ಮುಟ್ಟುವುದಿಲ್ಲ. ಆದ್ದರಿಂದ ಸರ್ಕಾರಿ ಬಾಂಡಿನ ಅಪಾಯ ಇರುವುದು ನಮ್ಮ ತುರ್ತಿನಲ್ಲಿ. ಮಗಳ ನರ್ಸಿಂಗ್ ಫೀಸಿಗೆ ಎರಡು ವರ್ಷದಲ್ಲಿ ಬೇಕಾದ ಹಣವನ್ನು ಇಪ್ಪತ್ತು ವರ್ಷದ ಬಾಂಡಿಗೆ ಹಾಕಿದರೆ ತಪ್ಪು ಬಾಂಡಿನದಲ್ಲ, ನಮ್ಮದು. ಹಣ ಬೇಕಾದ ದಿನವೂ ಬಾಂಡ್ ಮುಗಿಯುವ ದಿನವೂ ಒಂದಕ್ಕೊಂದು ಹೊಂದಬೇಕು. ಸ್ವಲ್ಪ ಹೆಚ್ಚು ಹಣವಿರುವವರು ಒಂದೇ ಬಾಂಡಿಗೆ ಹಾಕದೆ 1, 2, 3, 4, 5 ವರ್ಷಕ್ಕೆ ಮುಗಿಯುವಂತೆ ಹಂಚಿಡುತ್ತಾರೆ. ಏಣಿಯ ಮೆಟ್ಟಿಲಿನ ಹಾಗೆ ವರ್ಷಕ್ಕೊಂದು ಕೈಗೆ ಬರುತ್ತದೆ. ಬಡ್ಡಿ ಏರಿದ್ದರೆ ಅದನ್ನು ಹೊಸ ದರಕ್ಕೆ ಹಾಕಬಹುದು, ತುರ್ತು ಬಂದರೆ ಬಳಸಬಹುದು.

ಸಾಲ ಕೇಳುವವರು ಯಾರು?

ಸಂಘದಲ್ಲಿ ಸಾಲ ಕೊಡುವಾಗ ನೀವು ಕೇಳುವ ಪ್ರಶ್ನೆಗಳೇ ಇಲ್ಲಿಯೂ ಬೇಕು. ಯಾರು ಕೇಳುತ್ತಿದ್ದಾರೆ? ಯಾಕೆ? ಎಲ್ಲಿಂದ ತೀರಿಸುತ್ತಾರೆ? ಬಡ್ಡಿ ಜಾಸ್ತಿ ಕೊಡುತ್ತೇನೆ ಎನ್ನುವ ಕಂಪನಿ ಯಾಕೆ ಜಾಸ್ತಿ ಕೊಡುತ್ತಿದೆ? ಕಡಿಮೆ ಬಡ್ಡಿಗೆ ಅದಕ್ಕೆ ಯಾರೂ ಸಾಲ ಕೊಡುತ್ತಿಲ್ಲ ಎಂಬ ಕಾರಣವೂ ಇರಬಹುದು.

ಕಂಪನಿಗಳ ಬಾಂಡಿಗೆ ರೇಟಿಂಗ್ ಸಂಸ್ಥೆಗಳು ಅಂಕ ಕೊಡುತ್ತವೆ, ಟ್ರಿಪಲ್ ಎ ಎಂದರೆ ಎಲ್ಲಕ್ಕಿಂತ ಮೇಲು. ಅಂಕ ನೋಡಬೇಕು ನಿಜ, ಅದನ್ನೇ ನಂಬಿ ಕೂರಬಾರದು. ಐಎಲ್ ಆಂಡ್ ಎಫ್ಎಸ್ ಎಂಬ ದೊಡ್ಡ ಹಣಕಾಸು ಸಮೂಹ 2018ರ ಸೆಪ್ಟೆಂಬರಿನಲ್ಲಿ ಸಾಲ ತೀರಿಸಲಾಗದೆ ಕುಸಿಯಿತು. ಆಗ ಅದರ ಒಟ್ಟು ಸಾಲ ಸುಮಾರು 91 ಸಾವಿರ ಕೋಟಿ ರೂಪಾಯಿ. ಕುಸಿಯುವುದಕ್ಕೆ ಕೆಲವೇ ವಾರ ಮುಂಚಿನವರೆಗೂ ಅದಕ್ಕೆ ಅತಿ ಮೇಲಿನ ರೇಟಿಂಗ್ ಇತ್ತು.

ಇನ್ನೊಂದು ಉದಾಹರಣೆಯನ್ನು ನೀವು ಚೆನ್ನಾಗಿ ನೆನಪಿಡಬೇಕು. ಬ್ಯಾಂಕಿನ ಕೌಂಟರಿನಲ್ಲಿ ಸಿಕ್ಕಿದ್ದೆಲ್ಲ ಠೇವಣಿಯಲ್ಲ ಎಂಬುದಕ್ಕೆ ಇದು ಸಾಕ್ಷಿ. 2020ರ ಮಾರ್ಚಿನಲ್ಲಿ ಯೆಸ್ ಬ್ಯಾಂಕ್ ಕಷ್ಟಕ್ಕೆ ಸಿಕ್ಕಾಗ ಅದರ ಠೇವಣಿದಾರರ ಹಣ ಉಳಿಯಿತು. ಆದರೆ 'ಎಟಿ-1' ಎಂಬ ವಿಶೇಷ ಬಾಂಡುಗಳನ್ನು, 8,415 ಕೋಟಿ ರೂಪಾಯಿಯಷ್ಟನ್ನು, ಪೂರ್ತಿ ರದ್ದು ಮಾಡಲಾಯಿತು. ಕೊಂಡವರಲ್ಲಿ ನಿವೃತ್ತರು, ವಯಸ್ಸಾದವರು ಇದ್ದರು. ಎಫ್.ಡಿ.ಯಂತೆಯೇ, ಅದಕ್ಕಿಂತ ಹೆಚ್ಚು ಬಡ್ಡಿ ಎಂದು ಹೇಳಿ ಅವರಿಗೆ ಮಾರಲಾಗಿತ್ತು ಎಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2021ರ ಆದೇಶದಲ್ಲಿ ಹೇಳಿತು. 2023ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಆ ರದ್ದತಿಯನ್ನು ತಳ್ಳಿಹಾಕಿತು, ಅಲ್ಲಿಂದ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಮುಪ್ಪಿನ ಕಾಲಕ್ಕೆಂದು ಇಟ್ಟ ಹಣಕ್ಕೆ ಕೋರ್ಟು ಅಲೆಯುವ ಕರ್ಮ ಯಾರಿಗೆ ಬೇಕು! ಆ ಗಲಾಟೆಯ ನಂತರ, 2020ರ ಅಕ್ಟೋಬರಿನಲ್ಲಿ, ಇಂಥ ಬಾಂಡ್ ಕೊಳ್ಳಲು ಕನಿಷ್ಠ ಒಂದು ಕೋಟಿ ರೂಪಾಯಿ ಬೇಕು ಎಂದು ಸೆಬಿ ನಿಯಮ ಮಾಡಿತು.

ಬ್ಯಾಂಕಿನ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. 2020ರ ಫೆಬ್ರವರಿ 4ಕ್ಕೆ ಮುಂಚೆ ಅದು 1 ಲಕ್ಷ ಮಾತ್ರ ಇತ್ತು. ಈ ವಿಮೆ ಬಾಂಡಿಗೆ ಇಲ್ಲ. ಪತ್ತಿನ ಸಹಕಾರ ಸಂಘದ ಠೇವಣಿಗೂ ಇಲ್ಲ. ಊರಿನ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.

ಚೇಣಿ ಗೊತ್ತಿದ್ದರೆ ಫ್ಯೂಚರ್ಸ್ ಗೊತ್ತು

ಈಗ ಆ ಹುಡುಗನ ವಿಷಯಕ್ಕೆ ಬರೋಣ. ಇಂಗ್ಲಿಷಿನಲ್ಲಿ ಡಿರೈವೇಟಿವ್ ಎನ್ನುತ್ತಾರೆ. ಅದರದ್ದೇ ಸ್ವಂತ ಬೆಲೆ ಇಲ್ಲದ, ಇನ್ನೊಂದು ವಸ್ತುವಿನ ಬೆಲೆಗೆ ಜೋತುಬಿದ್ದ ಕರಾರು ಅದು. ಹೆಸರು ಹೊಸದು, ವ್ಯವಹಾರ ನಮಗೆ ಹಳೆಯದು. ಮಲೆನಾಡಿನಲ್ಲಿ ಅಡಿಕೆ ತೋಟವನ್ನು ಚೇಣಿಗೆ ಕೊಡುವುದಿಲ್ಲವೇ? ಕೊಯ್ಲಿಗೆ ಮುಂಚೆಯೇ ದರ ಮಾತಾಡಿಬಿಡುತ್ತಾರೆ. ಹಸಿ ಅಡಿಕೆ ಕ್ವಿಂಟಲಿಗೆ 6 ಸಾವಿರ ಎಂದು ಮಾತಾಯಿತು ಎನ್ನಿ (ಇದು ಲೆಕ್ಕಕ್ಕೆ ಹಿಡಿದ ದರ). ಕೊಯ್ಲಿನ ಹೊತ್ತಿಗೆ ದರ 5 ಸಾವಿರಕ್ಕೆ ಇಳಿದರೂ ನಿಮಗೆ 6 ಸಾವಿರ ಸಿಗುತ್ತದೆ, ನಷ್ಟ ಚೇಣಿದಾರನಿಗೆ. 7 ಸಾವಿರಕ್ಕೆ ಏರಿದರೆ ಲಾಭ ಅವನಿಗೆ, ನಿಮಗೆ ಅದೇ 6 ಸಾವಿರ. ದರ ಇಳಿಯುವ ಭಯವನ್ನು ನೀವು ಅವನ ಹೆಗಲಿಗೆ ದಾಟಿಸಿದಿರಿ. ಅದಕ್ಕೆ ಬದಲಾಗಿ ದರ ಏರುವ ಆಸೆಯನ್ನೂ ಅವನಿಗೇ ಬಿಟ್ಟುಕೊಟ್ಟಿರಿ. ಫ್ಯೂಚರ್ಸ್ ಎಂಬುದು ಇದೇ.

ದರ ಬಿದ್ದಾಗ ಚೇಣಿದಾರ ತಲೆತಪ್ಪಿಸಿಕೊಂಡರೆ? ಅದೂ ನಿಮಗೆ ಹೊಸದಲ್ಲ. ಅದಕ್ಕಾಗಿಯೇ ಫ್ಯೂಚರ್ಸ್ ವ್ಯವಹಾರದಲ್ಲಿ ಇಬ್ಬರ ನಡುವೆ ವಿನಿಮಯ ಕೇಂದ್ರ ನಿಂತಿರುತ್ತದೆ. ಎರಡೂ ಕಡೆಯವರು ಮಾರ್ಜಿನ್ ಎಂಬ ಭದ್ರತಾ ಹಣ ಇಡಬೇಕು, ಲಾಭ ನಷ್ಟದ ಲೆಕ್ಕ ಪ್ರತಿದಿನ ಆಗುತ್ತದೆ.

ಆಪ್ಷನ್ ಸ್ವಲ್ಪ ಬೇರೆ. ಜಾಗ ಕೊಳ್ಳುವಾಗ ಸಂಚಕಾರ ಕೊಡುತ್ತೇವಲ್ಲ, ಅದನ್ನು ನೆನಪಿಸಿಕೊಳ್ಳಿ. ಮಾತಾದ ದರಕ್ಕೆ ಕೊಳ್ಳುವ ಹಕ್ಕು ನಮಗೆ ಬಂತು. ಮನಸ್ಸು ಬದಲಾದರೆ ಸಂಚಕಾರ ಹೋಯಿತು, ಅಷ್ಟಕ್ಕೆ ಮುಗಿಯಿತು. ಹಾಗೆಯೇ ಮಾರುವ ಹಕ್ಕನ್ನೂ ಕೊಳ್ಳಬಹುದು. ಒಬ್ಬರು ನಿಮ್ಮ ಹತ್ತಿರ ಕ್ವಿಂಟಲಿಗೆ 200 ರೂಪಾಯಿ ಪಡೆದು, "ದರ ಎಷ್ಟೇ ಬೀಳಲಿ, ನಾನು 6 ಸಾವಿರಕ್ಕೆ ಕೊಳ್ಳುತ್ತೇನೆ, ಏರಿದರೆ ನೀವು ಬೇರೆಯವರಿಗೆ ಮಾರಿಕೊಳ್ಳಿ" ಎಂದು ಮಾತು ಕೊಟ್ಟರು. ದರ 5 ಸಾವಿರವಾದರೆ ನಿಮಗೆ ಉಳಿಯುವುದು 5,800. 7 ಸಾವಿರವಾದರೆ 6,800. ಆ 200 ರೂಪಾಯಿ ವಿಮೆಯ ಕಂತಿದ್ದ ಹಾಗೆ. ತೋಟ ಇರುವವರಿಗೆ ಇದು ನಿಜವಾದ ರಕ್ಷಣೆ. ಹುಡುಗ ಹೇಳಿದ ಮಾತಿನ ನಿಜವಾದ ಅರ್ಧ ಇದು.

ಉಳಿದರ್ಧ ನೋಡಿ. ತೋಟವೇ ಇಲ್ಲದವನು ಅದೇ ಕಾಗದವನ್ನು 200 ರೂಪಾಯಿಗೆ ಕೊಂಡ. ದರ ಬಿದ್ದರೆ ಅವನಿಗೆ 800 ಲಾಭ, ಬೀಳದಿದ್ದರೆ 200 ಪೂರ್ತಿ ನಷ್ಟ. ತೋಟದವಳಿಗೆ ಕಾಗದದಲ್ಲಿ ಹೋದ 200 ಅಡಿಕೆಯ ಏರಿದ ದರದಲ್ಲಿ ತುಂಬಿ ಬರುತ್ತದೆ. ಇವನ ಹತ್ತಿರ ಅಡಿಕೆಯೇ ಇಲ್ಲ. ಅವನಿಗೆ ಕಡಿಮೆ ಮಾಡಿಕೊಳ್ಳಲು ಯಾವ ಅಪಾಯವೂ ಇರಲಿಲ್ಲ, ಆ ಕಾಗದದಿಂದ ಹೊಸದಾಗಿ ಒಂದು ಅಪಾಯವನ್ನು ತಲೆಗೆ ಹಾಕಿಕೊಂಡ. ಇನ್ನು 200 ರೂಪಾಯಿ ಪಡೆದು ಮಾತು ಕೊಡುವವನ ಜಾಗದಲ್ಲಿ ನಿಂತರಂತೂ ದರ ಬಿದ್ದಷ್ಟೂ ಸುರಿಯಬೇಕು. ದರ 3 ಸಾವಿರವಾದರೆ ಕ್ವಿಂಟಲಿಗೆ 2,800 ಕೈಬಿಡುತ್ತದೆ.

ನಮ್ಮ ಕಾಫಿ ಸೀಮೆಯ ದರವೂ ಇಂಥ ಕರಾರುಗಳ ಜೊತೆ ಕಟ್ಟಿಕೊಂಡಿದೆ. ರೊಬಸ್ಟಾಗೆ ಲಂಡನ್, ಅರೇಬಿಕಾಗೆ ನ್ಯೂಯಾರ್ಕ್ ಫ್ಯೂಚರ್ಸ್ ಪೇಟೆ ದಾರಿ ತೋರಿಸುತ್ತವೆ. ಅಲ್ಲಿ ದರ ಬಿದ್ದರೆ ಇಲ್ಲಿ ನಮ್ಮ ಹಿತ್ತಿಲಿನ ಎರಡು ಚೀಲಕ್ಕೂ ದರ ಬೀಳುತ್ತದೆ. ಹಾಗಾದರೆ ನಾವೂ ಅಲ್ಲಿ ಕರಾರು ಮಾಡಿ ರಕ್ಷಣೆ ಪಡೆಯಬಹುದಲ್ಲ? ಲಂಡನ್ನಿನ ಒಂದು ಕರಾರು ಎಂದರೆ 10 ಟನ್, ಅಂದರೆ 50 ಕಿಲೋದ 200 ಚೀಲ. ರಫ್ತುದಾರರಿಗೆ ಅದು ಸರಿ, ಅರ್ಧ ಎಕರೆಯವರಿಗೆ ಅಳತೆಯೇ ಹೊಂದುವುದಿಲ್ಲ. ನಮಗೆ ಹೊಂದುವ ರಕ್ಷಣೆ ಎಂದರೆ ಬೆಳೆ ವಿಮೆ, ಕಾಫಿಯ ನಡುವೆ ಕಾಳುಮೆಣಸಿನ ಬಳ್ಳಿ, ಫಸಲನ್ನು ಒಂದೇ ಸಲ ಮಾರದೆ ಎರಡು ಮೂರು ಸಲ ಮಾರುವುದು. ಇವೂ ಅಪಾಯ ನಿರ್ವಹಣೆಯೇ. ಮೊಬೈಲಿನಲ್ಲಿ ಕಾಣುವುದಿಲ್ಲ, ಅಷ್ಟೇ.

ಹೋದ ಹಣ ಎಲ್ಲಿಗೆ ಹೋಯಿತು?

ಆ ಹುಡುಗ ಆಡಿದ್ದು ಅಡಿಕೆಯ ಮೇಲಲ್ಲ, ಷೇರು ಸೂಚ್ಯಂಕದ ಮೇಲೆ. ಅದು ಏರುತ್ತದೋ ಇಳಿಯುತ್ತದೋ ಎಂದು ಕಟ್ಟುವುದು. ಇಲ್ಲಿ ಒಬ್ಬರ ಲಾಭ ಇನ್ನೊಬ್ಬರ ನಷ್ಟದಿಂದಲೇ ಬರಬೇಕು. ಅದರ ಮೇಲೆ ದಲ್ಲಾಳಿ ಕಮಿಷನ್, ತೆರಿಗೆ ಬೇರೆ. ಸೆಬಿ 2024ರ ಸೆಪ್ಟೆಂಬರಿನಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಷೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ ವ್ಯವಹಾರ ಮಾಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಹಣ ಕಳೆದುಕೊಂಡಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ. 2024-25ರಲ್ಲಿಯೂ ನೂರಕ್ಕೆ 91 ಮಂದಿಗೆ ನಷ್ಟವೇ, ಆ ಒಂದೇ ವರ್ಷ 1 ಲಕ್ಷ ಕೋಟಿಗೂ ಹೆಚ್ಚು. 2023-24ರಲ್ಲಿ ಹೀಗೆ ಆಡಿದವರ ಪೈಕಿ ನಾಲ್ವರಲ್ಲಿ ಮೂವರಿಗಿಂತ ಹೆಚ್ಚು ಜನ ತಮ್ಮ ವರ್ಷದ ಆದಾಯ 5 ಲಕ್ಷಕ್ಕಿಂತ ಕಡಿಮೆ ಎಂದು ಬರೆದುಕೊಟ್ಟವರು. ನಮ್ಮಂಥವರ ಮಕ್ಕಳೇ. ಅದೇ ವರ್ಷ ಲಾಭ ಮಾಡಿದವರು ಯಾರು? ಹೆಚ್ಚಾಗಿ ದೊಡ್ಡ ವ್ಯಾಪಾರಿ ಸಂಸ್ಥೆಗಳು, ವಿದೇಶಿ ಹೂಡಿಕೆ ಸಂಸ್ಥೆಗಳು. ಅವರ ಪರವಾಗಿ ಕಂಪ್ಯೂಟರ್ ತಾನಾಗಿಯೇ ಕ್ಷಣದಲ್ಲಿ ಕೊಂಡು ಮಾರುತ್ತದೆ. ಆ ಯಂತ್ರದ ಎದುರು ನಮ್ಮ ಹುಡುಗ ಹೆಬ್ಬೆರಳಲ್ಲಿ ಆಡುತ್ತಿದ್ದ.

ಇನ್ನೊಂದು ಲೆಕ್ಕ. 2024ರ ನವೆಂಬರ್ 20ರಿಂದ ಹೊಸ ಸೂಚ್ಯಂಕ ಕರಾರಿನ ಕನಿಷ್ಠ ಮೌಲ್ಯವನ್ನು ಸೆಬಿ 15 ಲಕ್ಷ ರೂಪಾಯಿಗೆ ಏರಿಸಿತು. ಸಣ್ಣವರು ದೂರವಿರಲಿ ಎಂಬುದೂ ಅದರ ಉದ್ದೇಶ. ಆದರೆ ಫ್ಯೂಚರ್ಸ್ ಮಾಡಲು ಪೂರ್ತಿ 15 ಲಕ್ಷ ಕೈಯಲ್ಲಿರಬೇಕಿಲ್ಲ, ಸುಮಾರು 2 ಲಕ್ಷದ ಮಾರ್ಜಿನ್ ಇಟ್ಟು ಅಷ್ಟರ ಭಾರ ಹೊರಬಹುದು. 2024ರ ಜೂನ್ 4ರಂದು, ಲೋಕಸಭಾ ಚುನಾವಣೆಯ ಮತ ಎಣಿಕೆಯ ದಿನ, ನಿಫ್ಟಿ ಸೂಚ್ಯಂಕ ಒಂದೇ ದಿನದಲ್ಲಿ ನೂರಕ್ಕೆ 6ರಷ್ಟು ಬಿತ್ತು. 15 ಲಕ್ಷದ ಮೇಲೆ ನೂರಕ್ಕೆ 6 ಎಂದರೆ 90 ಸಾವಿರ. ಬೆಳಿಗ್ಗೆ ಇಟ್ಟ 2 ಲಕ್ಷದಲ್ಲಿ ಸಂಜೆಗೆ ಅರ್ಧದಷ್ಟು ಇಲ್ಲ.

ನಮ್ಮ ಹಣ ಎಲ್ಲಿರಬೇಕು?

ಹಾಗಂತ ಹಣವನ್ನು ಅಕ್ಕಿ ಡಬ್ಬದಲ್ಲಿ ಇಡಿ ಎಂದು ನಾವು ಹೇಳುವುದಿಲ್ಲ. ಬೆಲೆಗಳು ವರ್ಷಕ್ಕೆ ನೂರಕ್ಕೆ 6ರಂತೆ ಏರಿದರೆ 12 ವರ್ಷದಲ್ಲಿ ಎಲ್ಲದರ ಬೆಲೆ ದುಪ್ಪಟ್ಟು. ಡಬ್ಬದಲ್ಲಿಟ್ಟ ನೂರು ರೂಪಾಯಿಗೆ ಆಗ ಬರುವುದು ಇವತ್ತಿನ ಐವತ್ತು ರೂಪಾಯಿಯ ಸಾಮಾನು.

ಆದಿಕಾಂಡದ ಜೋಸೆಫನ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಸುಭಿಕ್ಷದ ಏಳು ವರ್ಷ ಬೆಳೆಯ ಐದರಲ್ಲೊಂದು ಪಾಲನ್ನು ಕಣಜಕ್ಕೆ ಹಾಕಿಸಿ, ಬರದ ಏಳು ವರ್ಷ ಈಜಿಪ್ಟನ್ನು ಕಾಪಾಡಿದವನು. ಮೊದಲು ಬೇಕಾದದ್ದು ಆ ಕಣಜ. ಮೂರು ನಾಲ್ಕು ತಿಂಗಳ ಮನೆ ಖರ್ಚಿನಷ್ಟು ಹಣ ಉಳಿತಾಯ ಖಾತೆಯಲ್ಲೋ ಎಫ್.ಡಿ.ಯಲ್ಲೋ ಇರಲಿ. ಕಾಯಿಲೆ ಬಂದಾಗ ಬಾಂಡ್ ಮಾರಲು ಓಡುವ ಪರಿಸ್ಥಿತಿ ಆಗ ಬರುವುದಿಲ್ಲ.

ಅದಾದ ಮೇಲೆ ಐದಾರು ವರ್ಷ ಮುಟ್ಟದೆ ಇಡಬಲ್ಲ ಹಣ ಇದ್ದರೆ ಸರ್ಕಾರಕ್ಕೆ ಸಾಲ ಕೊಡುವ ದಾರಿಗಳಿವೆ. ಅಂಚೆ ಕಚೇರಿಯ ರಾಷ್ಟ್ರೀಯ ಉಳಿತಾಯ ಪತ್ರ 5 ವರ್ಷದ್ದು, ಸಾವಿರ ರೂಪಾಯಿಯಿಂದ ಶುರು. 2025ರಲ್ಲಿ ಅದಕ್ಕೆ ನೂರಕ್ಕೆ 7.7 ಬಡ್ಡಿ ಇತ್ತು. ರಿಸರ್ವ್ ಬ್ಯಾಂಕಿನ ಫ್ಲೋಟಿಂಗ್ ರೇಟ್ ಉಳಿತಾಯ ಬಾಂಡ್ 7 ವರ್ಷದ್ದು, ಅದೂ ಸಾವಿರದಿಂದ. ಅದರ ಬಡ್ಡಿಯನ್ನು ಪ್ರತಿ ಜನವರಿ 1 ಮತ್ತು ಜುಲೈ 1ಕ್ಕೆ, ರಾಷ್ಟ್ರೀಯ ಉಳಿತಾಯ ಪತ್ರದ ದರಕ್ಕಿಂತ 0.35 ಹೆಚ್ಚಿಗೆ ನಿಗದಿ ಮಾಡುತ್ತಾರೆ. 2023ರ ಜುಲೈಯಿಂದ 2025ರ ಕೊನೆಯವರೆಗೆ ಅದು 8.05 ಇತ್ತು. ಅದನ್ನು ಮಾರಲು ಬರುವುದಿಲ್ಲ, ಅಡವಿಡಲೂ ಬರುವುದಿಲ್ಲ. ಅರವತ್ತು ದಾಟಿದವರಿಗೆ ಮಾತ್ರ ಅವಧಿಗೆ ಮುಂಚೆ ತೆಗೆಯಲು ಅವಕಾಶವಿದೆ. ಮಾರಬಹುದಾದ ಸರ್ಕಾರಿ ಬಾಂಡನ್ನು ನೇರವಾಗಿ ಕೊಳ್ಳಲು ರಿಸರ್ವ್ ಬ್ಯಾಂಕ್ 2021ರ ನವೆಂಬರ್ 12ರಂದು 'ರಿಟೇಲ್ ಡೈರೆಕ್ಟ್' ಎಂಬ ವ್ಯವಸ್ಥೆ ಆರಂಭಿಸಿತು. ಕನಿಷ್ಠ 10 ಸಾವಿರ. ಮನೆಯಲ್ಲಿ ಮೊಬೈಲ್ ಚೆನ್ನಾಗಿ ಬಲ್ಲ ಮಕ್ಕಳಿದ್ದರೆ ಆ ಜಾಣತನವನ್ನು ಇದಕ್ಕೆ ಬಳಸಲಿ. ಈ ಖಾತೆ ವ್ಯಕ್ತಿಗಳಿಗೆ ಮಾತ್ರ, ಸಂಘದ ಹೆಸರಲ್ಲಿ ತೆರೆಯಲು ಬರುವುದಿಲ್ಲ. ಸಂಘದ ಹಣ ಬ್ಯಾಂಕಿನಲ್ಲಿ, ಇಲ್ಲವೇ ಸದಸ್ಯರ ಸಾಲದಲ್ಲಿ ಇರಲಿ. ಅದು ಹದಿನೈದು ಮನೆಗಳ ಹಣ.

ಬಾಂಡಿನಲ್ಲಿ ನೂರಕ್ಕೆ 20 ಬಡ್ಡಿ, ಆಪ್ಷನ್‌ನಲ್ಲಿ ತಿಂಗಳಿಗೆ ಇಷ್ಟು ಗ್ಯಾರಂಟಿ ಎಂದು ವಾಟ್ಸಾಪಿನಲ್ಲಿ ಬರುವ ಗುಂಪುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅವು ಹೂಡಿಕೆಯೇ ಅಲ್ಲ, ಕಳ್ಳತನ. ಹಣ ಕಟ್ಟಿ ಮೋಸ ಹೋಗಿದ್ದರೆ ನಾಚಿಕೆಪಟ್ಟು ಕೂರಬೇಡಿ. ಕೂಡಲೇ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಹೇಳುತ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಮುಂದಿನ ಸಭೆಗೆ

ಆ ಸಂಘದವರು ಏನು ಮಾಡಿದರು ಎಂದು ಕೇಳುತ್ತೀರಿ. ಮೊದಲ ಸಭೆ ಜಗಳದಲ್ಲೇ ಮುಗಿಯಿತು. ಎರಡನೆಯ ಸಭೆಗೆ ಮಗನನ್ನೂ ಕರೆದರು. ಆ ತಾಯಿಯನ್ನು ಸಂಘದಿಂದ ತೆಗೆಯಬೇಕೆಂದು ಇಬ್ಬರು ಹಟ ಹಿಡಿದರು. ಹಿರಿಯ ಸದಸ್ಯೆಯೊಬ್ಬರು, "ತೆಗೆದ್ರೆ ಸಾಲ ಯಾರು ಕಟ್ತಾರೆ? ಇದ್ರೆ ಅವಳೂ ಕಟ್ತಾಳೆ, ಮಗನೂ ಕಟ್ತಾನೆ" ಎಂದರು. ತಿಂಗಳಿಗೆ 2,500ರಂತೆ ಅಸಲು ತೀರಿಸುವುದೆಂದು ನಿರ್ಣಯ ಪುಸ್ತಕದಲ್ಲಿ ಬರೆದು ಮಗನಿಂದಲೂ ಸಹಿ ಹಾಕಿಸಿದರು. ಅವನು ಈಗ ಪೇಟೆಯ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾನೆ. ಒಂಬತ್ತು ಕಂತು ಬಂದಿದೆ. ಬ್ಯಾಂಕಿನ ಕಂತನ್ನು ಉಳಿದವರು ತಮ್ಮ ಉಳಿತಾಯದಿಂದ ಹಾಕಿ ನಿಲ್ಲದಂತೆ ನೋಡಿಕೊಂಡರು. ಅದರಿಂದ ಈ ವರ್ಷ ಅವರು ಡಿವಿಡೆಂಡ್ ಹಂಚಿಕೊಳ್ಳಲಿಲ್ಲ.

ನಿಮ್ಮ ಸಂಘದಲ್ಲಿ ಈ ಪಾಠ ಓದಿದ ಮೇಲೆ ಇವನ್ನು ಚರ್ಚೆಗೆ ಎತ್ತಿಕೊಳ್ಳಿ. ಕಳೆದ ಒಂದು ವರ್ಷದಲ್ಲಿ ಕೊಟ್ಟ ಸಾಲಗಳಲ್ಲಿ ಹೇಳಿದ ಉದ್ದೇಶಕ್ಕೇ ಬಳಕೆಯಾದವು ಎಷ್ಟು? ಯಾರ ಮನೆಯಲ್ಲಾದರೂ ಮಕ್ಕಳು, ಗಂಡಂದಿರು ಆಪ್ಷನ್ ವ್ಯವಹಾರ ಮಾಡುತ್ತಿದ್ದಾರೆಯೇ? ಇದನ್ನು ಕೇಳುವಾಗ ಯಾರನ್ನೂ ಗುರಿ ಮಾಡಬೇಡಿ, ಮೆತ್ತಗೆ ಕೇಳಿ. ಮುಂದಿನ ಎರಡು ವರ್ಷದಲ್ಲಿ ದೊಡ್ಡ ಖರ್ಚು ಯಾವ ತಿಂಗಳು ಬರಲಿದೆ ಎಂದು ಪ್ರತಿಯೊಬ್ಬರೂ ಒಂದು ಹಾಳೆಯಲ್ಲಿ ಬರೆದು, ಅದರ ಪಕ್ಕದಲ್ಲಿ ಆ ಹಣ ಈಗ ಎಲ್ಲಿದೆ ಎಂದೂ ಬರೆಯಲಿ.

ಆ ಹಾಳೆಗಳನ್ನು ಪ್ರತಿನಿಧಿಯರು ಒಕ್ಕೂಟದ ಸಭೆಗೆ ತರಬೇಕು. ಅಂಚೆ ಕಚೇರಿಯವರನ್ನು ಅಂದು ಕರೆಸುತ್ತೇವೆ. ಸಾಲದ ಪರಿಶೀಲನಾ ಪತ್ರಕ್ಕೆ ಇನ್ನು ಮೇಲೆ ಹಸುವನ್ನು ಕಣ್ಣಾರೆ ಕಂಡ ಮೇಲೆಯೇ ನಮ್ಮ ಸಹಿ.